ಅಗಿಯಬಾರದು, ನುಂಗಬಹುದು

ಚಿಕ್ಕರಸಿನಕೆರೆ
12-2-1975

ಇವರಿಗೆ,

ಗಂಡನ ಹೆಸರು ಎಲ್ಲಿ ಬರೆದುಬಿಡುತ್ತೇನೋ ಎಂದು ಅವ್ವ ಪಕ್ಕದಲ್ಲೇ ಕೂತು ಕಾಯುತ್ತಿದ್ದಾಳೆ. ಅವಳಿಗೆ ಓದಲು ಬಾರದು, ಆದರೂ ಕಾವಲು. ಕವರಿನ ಮೇಲೂ ಬರೆಯದಿದ್ದರೆ ಮಂಡ್ಯದ ಪೋಸ್ಟ್‌ಮ್ಯಾನ್ ಇದನ್ನು ಯಾರ ಗಂಡನಿಗೆ ಕೊಡಬೇಕು ಎಂದು ಕೇಳಿದೆ. ಅವ್ವ ಇನ್ನಷ್ಟು ಹತ್ತಿರ ಸರಿದು ಕೂತಳು.

ನಾನು ಚೆನ್ನಾಗಿದ್ದೇನೆ. ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದುಕೊಂಡೇ ಇರುತ್ತೇನೆ ಎಂದು ಹೇಳಿ ಕೈಬಿಟ್ಟಿರಲ್ಲ, ಆ ಸಿಟ್ಟು ಮುಕ್ಕಾಲು ಇಳಿದಿದೆ. ಉಳಿದ ಕಾಲು ಭಾಗವನ್ನು ಎದುರಿಗೇ ತೀರಿಸಿಕೊಳ್ಳುತ್ತೇನೆ. ನಾನು ನಾಲೆ ಸೇತುವೆಯ ಕಲ್ಲಿಗೆ ದವಡೆ ಬಡಿದುಕೊಂಡು ಬಿದ್ದಾದ ಮೇಲೂ ನೀವು "ಬ್ರೇಕ್ ಹಿಡಿಯೇ, ಬ್ರೇಕ್ ಹಿಡಿಯೇ" ಎಂದು ಕೂಗುತ್ತಾ ಓಡಿಬಂದಿರಿ. ಅದನ್ನು ನೆನೆದರೆ ಈಗ ನಗು ಬರುತ್ತದೆ.

ಆಸ್ಪತ್ರೆಯಲ್ಲಿ "ನಾನು ಕರೆಯುವವರೆಗೂ ಬರಬೇಡಿ" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ನೀವು ಸಿಟ್ಟಿನಿಂದ ಎಂದುಕೊಂಡಿರಿ. ಸಿಟ್ಟು ಇರಲಿಲ್ಲ ಅನ್ನುವುದಿಲ್ಲ. ಆದರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದ ಆ ಊದಿದ ಮುಖವನ್ನು ನಿಮಗೆ ದಿನವೂ ತೋರಿಸಲು ಮನಸ್ಸಾಗಲಿಲ್ಲ. ಹೆಣ್ಣು ನೋಡಲು ಬಂದಾಗ ನನ್ನ ನಗು ನೋಡಿಯೇ ಒಪ್ಪಿಕೊಂಡೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವರಲ್ಲವೇ ನೀವು?

ಆರು ವಾರ ಹಲ್ಲು ಕಚ್ಚಿಕೊಂಡು ಕಳೆದೆ, ಬಾಯಿಮಾತಿಗಲ್ಲ, ನಿಜವಾಗಿಯೇ. ಕೆನ್ನೆಯೊಳಗೆ ಹಿಂದಿನ ಹಲ್ಲುಗಳ ಸಂದಿಯಿಂದ ಗಂಜಿ, ಹಾಲು, ನೀವು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದ ಕಿತ್ತಳೆಯ ರಸ, ಇಷ್ಟೇ ಊಟ. ಪ್ರತಿ ಸಲವೂ ಉಪ್ಪುನೀರಿನಲ್ಲಿ ಮುಕ್ಕಳಿಸಿ, ಪುಟ್ಟ ಬ್ರಷ್ಷಿನಿಂದ ತಂತಿಯ ಸಂದಿ ಶುಚಿ ಮಾಡಬೇಕು. ಅವ್ವನೋ ಇದ್ದಿಲಪುಡಿ ಹಿಡಿದು ಹಿಂದೆಯೇ ಬರುತ್ತಿದ್ದಳು. ಬೇಡ ಎನ್ನಲು ಬಾಯಿಲ್ಲದೆ ತಲೆಯಾಡಿಸಿ ಆಡಿಸಿ ನನಗೆ ಕತ್ತುನೋವು ಬಂತು.

ತಂತಿ ಬಿಚ್ಚಿದ ದಿನ, ದವಡೆ ಕೂಡಿಕೊಂಡಿದೆ, ಮೇಲಿನ ಮುಂದಿನ ಎರಡು ಹಲ್ಲು ಮಾತ್ರ ಅಲ್ಲಾಡುತ್ತಿವೆ ಎಂದರು ಡಾಕ್ಟರು. ಅವೆರಡನ್ನೂ ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಕಟ್ಟಿದ ತಂತಿಯನ್ನು ಹಾಗೆಯೇ ಬಿಟ್ಟರು. ಗಟ್ಟಿಯಾದರೆ ಉಳಿಯುತ್ತವೆ, ಇಲ್ಲದಿದ್ದರೆ ಕೀಳಬೇಕು, ಅಲ್ಲಿಯವರೆಗೆ ಅಗಿಯುವಂಥದ್ದು ಏನೂ ಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಪಾಪ, ಅವರು ಮಂಗಳೂರು ಕಡೆಯವರು. ಮನೆಗೆ ಬಂದವಳೇ ಅವ್ವ ಮುದ್ದೆಗೆ ಎಸರಿಟ್ಟಳು. ಡಾಕ್ಟರ ಮಾತು ನೆನಪಿಸಿದೆ.

"ಅಗೀಬ್ಯಾಡ ಅಂದವ್ರೆ ಕಣವ್ವ, ನುಂಗ್ಬ್ಯಾಡ ಅಂದಿಲ್ವಲ್ಲ. ಮುದ್ದೆಯ ಯಾವ ಸೀಮೇಲಿ ಅಗೀತಾರೆ?" ಎಂದಳು.

ವಾದವೇನೋ ಸರಿ, ಬಾಯಿ ತೆರೆಯಬೇಕಲ್ಲ! ಅಷ್ಟು ದಿನ ಮುಚ್ಚಿದ್ದ ದವಡೆಯಲ್ಲಿ ಒಂದು ಬೆರಳೂ ತೂರುತ್ತಿರಲಿಲ್ಲ. ಅವ್ವ ಕಡಲೆಕಾಳಿನಷ್ಟು ಗುಳಿಗೆ ಮಾಡಿ, ಸಾರಿನಲ್ಲಿ ಅದ್ದಿ ಒಳಗೆ ತಳ್ಳಿದಳು. ದಿನ ಕಳೆದಂತೆ ಗುಳಿಗೆಯನ್ನು ನನಗೆ ಹೇಳದೆ ದಪ್ಪ ಮಾಡುತ್ತಾ ಹೋದಳು. ಸಂಕ್ರಾಂತಿಯ ದಿನ ಬೀದಿಯವರೆಲ್ಲ ಕಬ್ಬು ಸಿಗಿಯುತ್ತಿದ್ದರೆ ನಾನು ನೆಲ್ಲಿಕಾಯಿ ಗಾತ್ರದ ತುತ್ತು ನುಂಗಿದೆ. ಅದನ್ನು ನೋಡಲು ಅವ್ವ ಎದುರು ಮನೆಯ ಮುದ್ದಮ್ಮನನ್ನು ಕರೆದುಕೊಂಡು ಬಂದಿದ್ದಳು.

ಹೋದ ವಾರ ಡಾಕ್ಟರು ನೋಡಿ, ಬಾಯಿ ಇಷ್ಟು ಚೆನ್ನಾಗಿ ತೆರೆಯುತ್ತಿದೆಯಲ್ಲ, ಏನು ತಿನ್ನುತ್ತಿದ್ದೀರಿ ಎಂದು ಕೇಳಿದರು. ಮುದ್ದೆ ಎಂದೆ. ಕೆಂಡವಾದರು. "ಒಂದ್ ತುತ್ತಾದ್ರೂ ಅಗ್ದಿದ್ರೆ ಕೇಳಿ ಸ್ವಾಮಿ!" ಎಂದು ಅವ್ವ ಮುಂದೆ ಬಂದು, ಇಲ್ಲದ ಮುದ್ದೆ ಮುರಿದು, ಇಲ್ಲದ ಸಾರಿನಲ್ಲಿ ಅದ್ದಿ, ಗುಳುಂ ಎಂದು ನುಂಗಿ ತೋರಿಸಿದಳು. ನಮ್ಮ ಕಡೆ ಯಾರಾದರೂ ಹೀಗೆ ನುಂಗಿದರೆ ನೇರ ಆಸ್ಪತ್ರೆಗೆ ತರುತ್ತಾರಮ್ಮ ಎಂದು ಡಾಕ್ಟರು ನಕ್ಕರು.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಒಂದು ಕಪ್ಪಾಗಿತ್ತು, ಕಿತ್ತರು. ಇನ್ನೊಂದು ಗಟ್ಟಿಯಾಗಿ ನಿಂತಿದೆ. ಒಸಡು ಆರಿದ ಮೇಲೆ ಬೇಕಾದರೆ ಹಲ್ಲು ಕಟ್ಟುತ್ತಾರಂತೆ. ಮಾತಾಡುವಾಗ ಸ್ವಲ್ಪ ಗಾಳಿ ಹೋಗುತ್ತದೆ, ಅಷ್ಟೆ.

ಭಾನುವಾರ ಬನ್ನಿ. ಮಂಡ್ಯದಿಂದ ಬೇಗ ಹೊರಟು ಮದ್ದೂರಿನಿಂದ ಬೆಳಗಿನ ಬಸ್ಸನ್ನೇ ಹಿಡಿಯಿರಿ. ಅವ್ವ ಕೋಳಿ ಗೊತ್ತುಮಾಡಿದ್ದಾಳೆ. ತುಂಡು ನಿಮಗೆ, ಸಾರು ನನಗೆ. ನಿಮ್ಮನ್ನು ನೋಡಬೇಕು ಅನ್ನಿಸಿದೆ.

ಕರೆದರೆ ತಾನೇ ಬರುವುದು ಎಂದು ಕಾದಿರುವ ನಿಮಗೆ,
ಕರೆಯುತ್ತಿರುವ ನಿಮ್ಮ
ಶಿವನಂಜು

ವಿ.ಸೂ.: ಕವರು ಅಂಟಿಸಿದವಳು ಮತ್ತೆ ಬಿಡಿಸಿದ್ದೇನೆ. ಇನ್ನೊಂದು ನಿಂತಿದೆ ಎಂದು ಬರೆದದ್ದು ಸುಳ್ಳು. ಎರಡೂ ಹೋದವು. ಒಂದಾದರೆ ಬಂದೇ ಬರುತ್ತೀರಿ, ಎರಡು ಎಂದರೆ ಎಲ್ಲಿ ಹಿಂದೆಮುಂದೆ ನೋಡುತ್ತೀರೋ ಎಂದು ಭಯವಾಯಿತು. ಈಗ ಗೊತ್ತಾಯಿತಲ್ಲ, ಗೊತ್ತಿದ್ದೇ ಬನ್ನಿ. ನೀವು ಬಸ್ಸಿನಿಂದ ಇಳಿಯುವಾಗ ನಾನು ಅಲ್ಲೇ ನಿಂತಿರುತ್ತೇನೆ. ಬಾಯಿಗೆ ಸೆರಗು ಅಡ್ಡ ಇಟ್ಟುಕೊಳ್ಳದೆ ನಗುತ್ತೇನೆ.