ಸತ್ತಿದೆಯೆಂದು ನಾನು ಬರೆದ ಡೊಮೈನ್

ಬೀದರ್, ಫೆಬ್ರವರಿ ಮೂವತ್ತು, ೨೪೧೭

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವೇ ಇಲ್ಲವೆಂದು ಬಲ್ಲೆ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿ ನೂರು ವರ್ಷವಾಯಿತು. ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಬರೆಯುವುದು ನನಗೆ ಇದೇ ಮೊದಲು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ನೀಲಗಂಗಾ ಹಡಪದ, ಡೊಮೈನ್ ತಪಾಸಕಿ. ಇಮೇಲ್ ವಿಳಾಸದ ಕೊನೆಯಲ್ಲಿರುವ ಡೊಮೈನ್ ಜೀವಂತವಾಗಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ನಾನು ಸತ್ತಿದೆಯೆಂದು ಕೆಂಪು ಮುದ್ರೆ ಒತ್ತಿದರೆ ಊರಿನ ಯಾವ ಯಂತ್ರವೂ ಅಲ್ಲಿಗೆ ಪತ್ರ ಒಯ್ಯುವುದಿಲ್ಲ. ನಮ್ಮ ಕಚೇರಿಯ ಪದ್ಧತಿ ಬಲು ಸುಲಭ. ಬೆಳಿಗ್ಗೆ ಅಂಬಲಿ ಕುಡಿದು ಕೂತು ಒಂದೊಂದೇ ಡೊಮೈನಿನ ಜಾಲತಾಣ ತೆರೆದು ನೋಡುವುದು, ತೆರೆಯದಿದ್ದರೆ ಮುದ್ರೆ. ದಿನಕ್ಕೆ ನಲವತ್ತು ಮುಗಿಸುತ್ತಿದ್ದೆ. ಕೈ ಚುರುಕು ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ಬೀಗುತ್ತಿದ್ದೆ.

ಹೋದ ತಿಂಗಳು ತಂಗಿ ಮಹಾನಂದಾ ಹೆರಿಗೆಗೆ ಆಸ್ಪತ್ರೆ ಸೇರಿದಳು. ಮಗು ಹುಟ್ಟಿತು, ರಕ್ತಸ್ರಾವ ನಿಲ್ಲಲಿಲ್ಲ. ಅವಳದು ಲಕ್ಷಕ್ಕೊಬ್ಬರಲ್ಲಿ ಸಿಗುವ ರಕ್ತ. ಅಂಥ ರಕ್ತದವರ ಸಂಘವೊಂದಿದೆ, ನಿಮ್ಮ ಕಾಲದಲ್ಲೇ ಶುರುವಾದದ್ದು. ಅವರನ್ನು ತಲುಪಲು ಇಮೇಲ್ ಒಂದೇ ದಾರಿ. ಆಸ್ಪತ್ರೆಯ ಯಂತ್ರ ಪತ್ರ ಕಳಿಸಲು ಒಪ್ಪಲಿಲ್ಲ. ಡೊಮೈನ್ ಸತ್ತಿದೆಯಂತೆ. ಮುದ್ರೆಯ ಕೆಳಗೆ ನನ್ನದೇ ಸಹಿ.

ಕಚೇರಿಗೆ ಓಡಿದೆ. ಜಾಲತಾಣ ಈಗಲೂ ತೆರೆಯಲಿಲ್ಲ. ಆದರೆ ಒಂದು ಡೊಮೈನಿಗೆ ಬಂದ ಅಂಚೆಯನ್ನು ಯಾವ ಸರ್ವರ್ ಯಂತ್ರಕ್ಕೆ ಒಪ್ಪಿಸಬೇಕೆಂಬ ದಾಖಲೆ ಬೇರೆಯೇ ಇರುತ್ತದೆ. ತರಬೇತಿಯ ದಿನಗಳ ನಂತರ ಅದನ್ನು ನಾನು ನೋಡಿದ್ದೇ ಇಲ್ಲ. ಹುಡುಕಿದೆ, ಇತ್ತು. ಅದು ತೋರಿಸಿದ ಯಂತ್ರವನ್ನು ಸಂಪರ್ಕಿಸಿದೆ. ಪತ್ರ ಸ್ವೀಕರಿಸುತ್ತೇನೆಂದು ಕೂಡಲೇ ಉತ್ತರ ಬಂತು. ಮುದ್ರೆ ಅಳಿಸಿದೆ, ಪತ್ರ ಹೋಯಿತು, ಮಧ್ಯಾಹ್ನದೊಳಗೆ ಹುಮನಾಬಾದಿನಿಂದ ರಕ್ತ ಬಂತು.

ತಂಗಿ ಉಳಿದಳು. ಮಗಳನ್ನು ಎದೆಗವಚಿಕೊಂಡು ನಾನು ಹೇಳಿದ್ದನ್ನೆಲ್ಲ ಕೇಳಿದಳು, ಬಯ್ಯಲಿಲ್ಲ. "ಅಕ್ಕಾ, ಇನ್ನಾ ಎಷ್ಟು ಹಿಂಗ ಸತ್ತಾವಂತ ಬರ್ದಿದಿ?" ಎಂದಷ್ಟೇ ಕೇಳಿದಳು.

ಹನ್ನೊಂದು ವರ್ಷ ಒತ್ತಿದ ಮುದ್ರೆಗಳನ್ನೆಲ್ಲ ಮತ್ತೆ ತೆಗೆದು ಕೂತಿದ್ದೇನೆ. ಮುಗಿಸಿಯೇ ಏಳುತ್ತೇನೆ, ಅದರಲ್ಲಿ ಅನುಮಾನವಿಲ್ಲ. ನಿಮ್ಮಲ್ಲಿ ಕೇಳುವುದು ಇಷ್ಟೇ: ಜಾಲತಾಣ ಮುಚ್ಚುವುದಾದರೆ ಮುಚ್ಚಿ, ಅಂಚೆಯ ದಾಖಲೆ ಅಳಿಸಬೇಡಿ. ನಿನ್ನೆಯವರೆಗೆ ನೋಡಿದ್ದರಲ್ಲಿ ಇನ್ನೂ ಜೀವಂತವಾಗಿರುವ ಮುನ್ನೂರ ಹನ್ನೆರಡು ಡೊಮೈನ್ ಸಿಕ್ಕಿವೆ. ಅಲ್ಲಿಗೆ ಬರೆಯಹೋಗಿ, ಸತ್ತಿದೆಯೆಂಬ ನನ್ನ ಮಾತು ನಂಬಿ ಸುಮ್ಮನಾದವರು ಯಾರು ಯಾರೋ, ನನಗೆ ಗೊತ್ತಿಲ್ಲ.

ನೀಲಗಂಗಾ