ನೀಲಿ ಬಾಟಲಿಯ ಗೆರೆ

೧೬ ಫೆಬ್ರವರಿ ೨೦೨೫, ಭಾನುವಾರ. ಅಬಿಡ್ಸ್‌ನ ಭಾನುವಾರದ ಸಂತೆಯಿಂದ ಈಗಷ್ಟೇ ಬಂದೆ.

ಅಕ್ಕ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ, ನೀನು ಹೇಳುತ್ತಿದ್ದ ಫುಟ್‌ಪಾತಿನ ಹಳೇ ಸಾಮಾನಿನ ಸಾಬಮ್ಮನ ಹತ್ತಿರ ಹೋಗಿದ್ದೆ. ಮಣ್ಣಿನ ಹೂಜಿಗಳ ನಡುವೆ ಹಳೇ ಬಾಟಲಿಗಳನ್ನು ಒರೆಸುತ್ತಾ ಕೂತಿದ್ದಳು. ನಾನು ಭಕ್ತಿಯ ತಮ್ಮ ಅಂತ ಹೇಳಿದೆ.

"ಆ ಕಿರಿಕಿರಿ ತಮ್ಮ ನೀವೇನ್ರಿ? ನಿಮ್ಮ ಹುಟ್ಟುಹಬ್ಬಕ್ಕ ಕೊಡಾಕಂತ ಅಕ್ಕಾರು ಮೂರು ಐತವಾರ ತಿರುಗಿ ಆ ನೀಲಿ ಬಾಟ್ಲಿ ಒಯ್ದ್ರು. ಚಲೋ ಐತಲ್ರಿ?"

"ಭಾಳ ಚಲೋ ಐತಿ" ಅಂದೆ.

ಅದನ್ನು ನೀನು ಮೇಜಿನ ಮೇಲಿಟ್ಟು "ಹೆಂಗೈತಿ?" ಅಂದಾಗ ನಾನು ಬೆರಳಾಡಿಸಿ ನೋಡಿದ್ದೆ. ಅಚ್ಚಿನ ಗೆರೆ ಬಾಯಿಯ ಅಂಚಿನವರೆಗೂ ಹೋಗಿತ್ತು. ಅಂದರೆ ಯಂತ್ರದಲ್ಲಿ ಮಾಡಿದ್ದು, ಅಷ್ಟೇನೂ ಹಳೆಯದಲ್ಲ, ನಿನಗೆ ಮೋಸವಾಗಿದೆ ಎಂದು ಎಲ್ಲರೆದುರು ವಿವರಿಸಿದೆ. ನೀನು "ಹೌದಾ" ಅಂದು ಅದನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಅವತ್ತು ನನ್ನ ಹುಟ್ಟುಹಬ್ಬವಾಗಿದ್ದರೂ ಅದು ಯಾರಿಗೆ ತಂದದ್ದು ಅಂತ ನನಗೆ ಹೊಳೆಯಲಿಲ್ಲ.

ಈಗ ಅದು ಹಿಮಾಯತ್‌ನಗರದ ನಿಮ್ಮ ಮನೆಯಲ್ಲಿ, ಭಾವನ ಕಪಾಟಿನಲ್ಲಿದೆ. ನಾಳೆ ಹೋಗಿ ಕೇಳಿ ತರುತ್ತೇನೆ. ಎಷ್ಟು ಹಳೆಯದು ಅಂತ ಭಾವ ಕೇಳಿದರೆ, ಭಾಳ ಹಳೆಯದು ಅನ್ನುತ್ತೇನೆ.