ಸೊನ್ನೆಯನ್ನು ಇಲ್ಲವೆಂದು ಓದಿದ್ದು

ಮಾರ್ಚ್ ೧೧, ಮಂಗಳವಾರ

ಸಿಬ್ಬಂದಿಯ ಹೆಸರು ನೋಡಿ ನನ್ನ ಪ್ರೋಗ್ರಾಮು ಬೀಗ ತೆಗೆಯುವ ಆಸ್ಪತ್ರೆಯ ಔಷಧಿ ಕಪಾಟು ಇವತ್ತು ಸಂಜೆಯವರೆಗೆ ಯಾರಿಗೂ ತೆರೆಯಲಿಲ್ಲ. ಮಧ್ಯಾಹ್ನ ಒಂದು ವಾರ್ಡಿನ ನರ್ಸ್ ಫೋನಿನಲ್ಲಿ ಅತ್ತೇಬಿಟ್ಟರು. "ನನ್ನ ಹೆಸರೇ ಇಲ್ಲ ಅಂತಿದೆ ನಿಮ್ಮ ಪ್ರೋಗ್ರಾಮು. ಇಲ್ಲಿ ಪೇಶೆಂಟು ಒಬ್ರು ಅಜ್ಜ ನೋವಿಂದ ಒದ್ದಾಡ್ತಿದ್ದಾರೆ, ನಾನೇನ್ ಮಾಡ್ಲಿ?" ಫೋನಿಟ್ಟು ಕೋಡನ್ನು ಮೊದಲಿಂದ ಓದತೊಡಗಿದೆ.

ಸಂಜೆಗೆ ತಪ್ಪು ಸಿಕ್ಕಿತು. ಸಿ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಮು ಹೆಸರು ಹುಡುಕಲು ಸಿಬ್ಬಂದಿಯ ಪಟ್ಟಿ ಇರುವ ಡೈರೆಕ್ಟರಿ ಸರ್ವರಿಗೆ ಹೇಳಿ, ಅದು ಕೊಟ್ಟ ಸಂಖ್ಯೆಯನ್ನು ಟೋಕನ್ನಿನಂತೆ ಹಿಡಿದು ಆಮೇಲೆ ಉತ್ತರ ಕೇಳುತ್ತದೆ. ಹಾಗೆ ಕೇಳಿದಾಗ ಸೊನ್ನೆ ಬಂದರೆ ಉತ್ತರ ಇನ್ನೂ ಬಂದಿಲ್ಲ ಎಂದರ್ಥ. ನಾನದನ್ನು ಹೆಸರೇ ಇಲ್ಲ ಎಂದು ಓದಿದ್ದೆ. ಚೂರು ಕಾದು ಮತ್ತೆ ಕೇಳಿದ್ದರೆ ಸಾಕಿತ್ತು.

ತಿದ್ದಿ ನರ್ಸ್‌ಗೆ ಫೋನ್ ಮಾಡಿದೆ. "ಕಪಾಟು ತೆಗೀತು. ಇಂಜೆಕ್ಷನ್ ಕೊಟ್ಟೆ, ಅಜ್ಜ ಈಗ ಮಲಗಿದ್ರು. ಮಧ್ಯಾಹ್ನ ನೋವು ತಡೀಲಾರದೆ ನನ್ನ ಕೈ ಕಚ್ಚಿಬಿಟ್ರು ಪಾಪ," ಎಂದು ನಕ್ಕರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಳೆ ಆ ವಾರ್ಡಿಗೆ ಹೋಗಿ ನಾನು ಯಾವ ಮುಖ ತೋರಿಸಲಿ?